ಎಂಟು ಗಂಟೆ ಒಣ ನಲ್ಲಿ, ಅರ್ಥಾತ್ 4 ನಿಮಿಷ 48 ಸೆಕೆಂಡು

ಇಂಗ್ಲೆಂಡಿನಲ್ಲಿ ಒಂದು ಲಕ್ಷ ಮನೆಗೆ ನೀರು ಕೊಡುವ ಕಂಪನಿ ಇದೆ ಅಂತಿಟ್ಟುಕೊಳ್ಳಿ. ಮುಖ್ಯ ಪೈಪು ಒಡೆದು ಸಾವಿರ ಮನೆಗೆ ಎಂಟು ಗಂಟೆ ನೀರಿಲ್ಲ. ಆ ಸಾವಿರ ಮನೆಯವರು ಖಾಲಿ ಬಕೆಟ್ ಹಿಡಿದು ಏನೇನು ಬೈಯುತ್ತಾರೋ ಅದು ಕಡತಕ್ಕೆ ಬೇಡ. ಲೆಕ್ಕ ಮಾಡಿ. ತಲಾ 480 ನಿಮಿಷದಂತೆ ಒಟ್ಟು 4,80,000 ನಿಮಿಷ. ಲಕ್ಷ ಮನೆಗೆ ಹಂಚಿದರೆ ಮನೆಗೆ 4 ನಿಮಿಷ 48 ಸೆಕೆಂಡು. 2024-25ಕ್ಕೆ ಅಲ್ಲಿನ ನೀರು ನಿಯಂತ್ರಕ ಆಫ್‌ವಾಟ್ ಇಟ್ಟಿದ್ದ ಗುರಿ ವರ್ಷಕ್ಕೆ ಮನೆಗೆ 5 ನಿಮಿಷ. ಕಂಪನಿ ಪಾಸು, ಮೇಲೆ 12 ಸೆಕೆಂಡು ಉಳಿತಾಯ.

ಇದೂ ಮೂರು ಗಂಟೆ ಮುಟ್ಟಿದರೆ ಮಾತ್ರ. 2 ಗಂಟೆ 59 ನಿಮಿಷ ನೀರು ನಿಂತರೆ ಅದು ನಿಂತದ್ದೇ ಅಲ್ಲ. ಇನ್ನೊಂದು ನಿಮಿಷ ಜಾರಿತೋ, ಪೂರ್ತಿ 180 ನಿಮಿಷ ಒಮ್ಮೆಲೇ ಲೆಕ್ಕಕ್ಕೆ ಬಂತು. ಹಾಗಾಗಿ ಪೈಪು ಒಡೆದ ಕಡೆ ಒಬ್ಬ ಗುಂಡಿ ನೋಡಿದರೆ ಇನ್ನೊಬ್ಬ ಗಡಿಯಾರ ನೋಡಬೇಕು. ಟ್ಯಾಂಕರಿನಿಂದ ನೇರವಾಗಿ ಪೈಪಿಗೆ ನೀರು ಒತ್ತುವುದೂ ಉಂಟು. ರಿಪೇರಿ ಮುಗಿಯದಿದ್ದರೂ ಲೆಕ್ಕ ನಿಲ್ಲುತ್ತದೆ. ಮನೆಯವರಿಗೆ ನೀರು ಸಿಗುತ್ತದಲ್ಲ, ಇದನ್ನು ಆಡಿಕೊಳ್ಳುವಂತಿಲ್ಲ. ಸೋರಿಕೆಗೆ ಮಾತ್ರ ಇಷ್ಟು ಅವಸರವಿಲ್ಲ, ಅದನ್ನು ಅಳೆಯುವುದು ಮೂರು ವರ್ಷದ ಸರಾಸರಿಯಲ್ಲಿ.

ನಮ್ಮಲ್ಲಿ ದಿನ ಬಿಟ್ಟು ದಿನ ಎರಡು ಗಂಟೆ ನೀರು ಬಿಡುವ ಬಡಾವಣೆಗೆ ಇದೇ ಸೂತ್ರ ಹಾಕಿ. 48ರಲ್ಲಿ 46 ಗಂಟೆ ಒಣ, ವರ್ಷಕ್ಕೆ ಮನೆಗೆ 5,03,700 ನಿಮಿಷ. ಬರ್ಮಿಂಗ್‌ಹ್ಯಾಮಿನ ಆಫ್‌ವಾಟ್ ಕಚೇರಿಗೆ ಈ ಅಂಕಿ ಕಳಿಸಿದರೆ, ದಶಮಾಂಶದ ಚುಕ್ಕೆ ಬಿಟ್ಟುಹೋಗಿದೆ ಎಂದು ವಾಪಸ್ ಬಂದೀತು. ನಮ್ಮ ನೀರುಗಂಟಿಗೆ ಸೂತ್ರ ಬೇಕಿಲ್ಲ, ವಾಲ್ವಿನ ಕೀಲಿ ಅವರ ಕೈಲೇ ಇದೆ.

ನೀರು ಬರುತ್ತಿದೆ, ಆದರೆ ಮಹಡಿಗೆ ಏರುತ್ತಿಲ್ಲ ಎನ್ನುವವರಿಗೂ ಅಲ್ಲಿ ಕಾನೂನಿದೆ. ಬೀದಿಯಿಂದ ಮನೆಗೆ ತಿರುಗುವ ಪೈಪಿನಲ್ಲಿ ನೀರು ಏಳು ಮೀಟರ್ ಏರುವಷ್ಟು ಒತ್ತಡ ಇರಬೇಕು. ಇಲ್ಲವಾದರೆ ಪರಿಹಾರ. ಯಾವಾಗ? 28 ದಿನದೊಳಗೆ ಎರಡು ಸಲ, ಪ್ರತಿ ಸಲವೂ ಒಂದು ಗಂಟೆಗೂ ಮೀರಿ ಒತ್ತಡ ಬಿದ್ದಿದ್ದರೆ. ದಿನಾ ಬೆಳಗ್ಗೆ ಸ್ನಾನದ ಹೊತ್ತಿಗೆ 55 ನಿಮಿಷ ಬಿದ್ದರೆ ಅದು ಒತ್ತಡದ ಕೊರತೆಯಲ್ಲ, ನಿಮ್ಮ ದುರದೃಷ್ಟ. ಒಂದನೇ ತಾರೀಕು ಒಮ್ಮೆ, ಮೂವತ್ತಕ್ಕೆ ಇನ್ನೊಮ್ಮೆ ಬಿದ್ದರೂ ದುಡ್ಡಿಲ್ಲ. ತಲೆಗೆ ಸೋಪು ಹಚ್ಚಿಕೊಂಡವನು ಪಂಚಾಂಗ ನೋಡಿಕೊಂಡೇ ಕೂಗಬೇಕು. ಎಲ್ಲ ಕೂಡಿಬಂದರೆ 25 ಪೌಂಡ್ ಇತ್ತು. 2025ರ ಜುಲೈಯಲ್ಲಿ ಏರಿಸಿದರು.

ಇನ್ನು ಕಂಪನಿಯ ದುಡ್ಡಿನ ಕಥೆ. ಎಷ್ಟು ವಸೂಲಿ ಮಾಡಬಹುದು ಎಂಬ ಮಿತಿಯನ್ನೂ ಆಫ್‌ವಾಟೇ ಐದು ವರ್ಷಕ್ಕೊಮ್ಮೆ ಹಾಕುತ್ತದೆ. ಅದರಲ್ಲಿ ದೊಡ್ಡ ಬಾಬತ್ತು ಆಸ್ತಿಯ ಮೇಲಿನ ಪ್ರತಿಫಲ. ಆಸ್ತಿ ಎಂದರೆ ನೆಲದಡಿ ಹೂತ ಪೈಪು, ವಿಕ್ಟೋರಿಯಾ ರಾಣಿಯ ಕಾಲದ ಇಟ್ಟಿಗೆ ಚರಂಡಿ. ಇವಕ್ಕೆ ಬೆಲೆ ಕಟ್ಟಿದ್ದು ಎಂಜಿನಿಯರಲ್ಲ. 1989ರಲ್ಲಿ ಖಾಸಗಿಯಾದಾಗ ಮೊದಲ 200 ದಿನ ಶೇರು ಯಾವ ಬೆಲೆಗೆ ಓಡಿತೋ ಅದರ ಸರಾಸರಿಯೇ ಬುನಾದಿ. ಅದಕ್ಕೆ ಹಣದುಬ್ಬರ ಸೇರಿಸುತ್ತ, ಹೊಸ ಖರ್ಚು ಕೂಡುತ್ತ, ಸವಕಳಿ ಕಳೆಯುತ್ತ ಬಂದಿದ್ದಾರೆ. ತೇಪೆ ಹಾಕಿದರೆ ಖರ್ಚು, ಹೊಸ ಪೈಪು ಹೂತರೆ ಆಸ್ತಿ ಎಂಬ ಭೇದವಿತ್ತು. ಕಂಪನಿಗಳಿಗೆ ಹೂಳುವುದರಲ್ಲೇ ಆಸಕ್ತಿ ಎಂದು 2014ರ ಪರಿಷ್ಕರಣೆಯಲ್ಲಿ ಎಲ್ಲ ಖರ್ಚನ್ನೂ ಒಂದೇ ಗಂಟು ಕಟ್ಟಿದರು. ಗಂಟಿನಲ್ಲಿ ಒಂದು ಪಾಲು ಆ ವರ್ಷದ ಬಿಲ್ಲಿಗೆ, ಉಳಿದದ್ದು ಆಸ್ತಿಗೆ. ಹಾಗಾಗಿ ಈಗ ವಾಲ್ವಿಗೆ ಹಚ್ಚಿದ ಗ್ರೀಸೂ ಒಂದಷ್ಟು ಆಸ್ತಿಯಾಗಿ ವರ್ಷಕ್ಕೆ ಶೇ 4.03 ಪ್ರತಿಫಲ ದುಡಿಯುತ್ತದೆ.

ಮಿತಿ ಇರುವುದು ಒಟ್ಟು ವಸೂಲಿಗೆ. ಜನ ಬುದ್ಧಿವಂತರಾಗಿ ಕಡಿಮೆ ನೀರು ಬಳಸಿದರೆ ವಸೂಲಿ ಕಡಿಮೆ ಬೀಳುತ್ತದೆ, ಕೊರತೆಯನ್ನು ಮುಂದಿನ ವರ್ಷಗಳ ದರಕ್ಕೆ ಸೇರಿಸಬಹುದು. ತಲಾ ಬಳಕೆ ಇಳಿಸಬೇಕೆಂಬ ಗುರಿಯೂ ಅದೇ ಕಡತದಲ್ಲಿದೆ. ಕಂಪನಿ ಗುರಿ ತಪ್ಪಿದರೆ ದಂಡವೂ ಉಂಟು: ಎರಡು ವರ್ಷದ ಮೇಲೆ ಎಲ್ಲರ ಬಿಲ್ಲಿನಲ್ಲೂ ಚೂರು ಇಳಿಕೆ. ಎಂಟು ಗಂಟೆ ಒಣಗಿದವನಿಗೂ ಆ ದಿನ ಟಬ್ಬಿನಲ್ಲಿ ಮುಳುಗಿ ಕೂತಿದ್ದವನಿಗೂ ಒಂದೇ ಪ್ರಸಾದ.

2024ರ ಡಿಸೆಂಬರ್ 19ರಂದು ಹೊರಬಿದ್ದ ಆಫ್‌ವಾಟ್‌ನ ದರ ತೀರ್ಪಿನಲ್ಲಿ ಮನೆಯ ಬಿಲ್ಲಿಗೆ ಹಣದುಬ್ಬರ ಬಿಟ್ಟು ಐದು ವರ್ಷದಲ್ಲಿ ಶೇ 36 ಏರಿಕೆ, ಸರಾಸರಿ ವರ್ಷಕ್ಕೆ 31 ಪೌಂಡ್. ಕೇಳಲು ಹಿತ. ಮರು ಏಪ್ರಿಲ್‌ನಲ್ಲಿ ಬಂದ ಮೊದಲ ಬಿಲ್ಲು ಹಣದುಬ್ಬರ ಸೇರಿ ಸರಾಸರಿ 123 ಪೌಂಡ್ ಏರಿತ್ತು. ರೆಡಿಂಗಿನಲ್ಲಿ ಮನೆ ಮಾಡಿರುವ ನಮ್ಮವರೂ ಕಟ್ಟಿದರು. ಐದು ಕಂಪನಿಗಳು ಇದೂ ಸಾಲದೆಂದು ಸ್ಪರ್ಧಾ ಪ್ರಾಧಿಕಾರದ ಮೆಟ್ಟಿಲು ಹತ್ತಿದವು.

2025ರ ಜುಲೈಯಲ್ಲಿ ನೀರಿನ ವ್ಯವಸ್ಥೆಯನ್ನು ಪರಿಶೀಲಿಸಿದ ಕನ್ಲಿಫ್ ಆಯೋಗ 88 ಶಿಫಾರಸು ಕೊಟ್ಟಿತು, ಆಫ್‌ವಾಟನ್ನೇ ಮುಚ್ಚುತ್ತೇವೆಂದು ಸರ್ಕಾರ ಸಾರಿತು. ದರ ಗೊತ್ತುಮಾಡಿದವರು ಮನೆಗೆ ಹೋದರೂ, ಅವರು ಗೊತ್ತುಮಾಡಿದ ದರ 2030ರ ಮಾರ್ಚ್ 31ರವರೆಗೆ ಡ್ಯೂಟಿಯಲ್ಲಿರುತ್ತದೆ.