ಮೂರನೆಯವನ ಪಾಡು

‘ಏನೋ ತಪ್ಪಾಗಿದೆ. ಸ್ವಲ್ಪ ಸಮಯದ ನಂತರ ಮತ್ತೆ ಪ್ರಯತ್ನಿಸಿ.’ ಮೊಬೈಲಿನ ಪರದೆಯ ಮೇಲೆ ಈ ಎರಡು ವಾಕ್ಯಗಳನ್ನು ಓದದವರು ಇಂದು ಯಾರೂ ಇರಲಾರರು. ಇವುಗಳಲ್ಲಿ ನನಗೆ ಬಹಳ ಹಿಡಿಸಿರುವ ಪದವೆಂದರೆ ‘ಏನೋ’. ತಪ್ಪು ಯಾರದು, ಎಲ್ಲಿ ಆಯಿತು, ಎಂದಿಗೆ ಸರಿಹೋದೀತು ಎಂಬ ಮೂರು ಪ್ರಶ್ನೆಗಳನ್ನೂ ಒಟ್ಟಿಗೆ ನುಂಗಿ ನೀರು ಕುಡಿಯುವ ಶಕ್ತಿ ಆ ಎರಡಕ್ಷರಕ್ಕಿದೆ. ಹೂದಾನಿಯನ್ನು ಕೆಡವಿದ ಮಗು ‘ಏನೋ ಬಿತ್ತು’ ಎಂದು ವರದಿ ಒಪ್ಪಿಸಿ ಕೋಣೆಯಿಂದ ಹೊರನಡೆಯುವಾಗ ಅದರ ಮುಖದಲ್ಲಿರುವ ಮುಗ್ಧತೆಯೇ ಈ ವಾಕ್ಯದಲ್ಲಿಯೂ ಇದೆ.

ಹಾಗೆಂದು ಯಂತ್ರಕ್ಕೆ ತಪ್ಪಿನ ಹೆಸರು ತಿಳಿದಿರುವುದಿಲ್ಲ ಎಂದಲ್ಲ. ಆ್ಯಪ್ ಒಂದು ಸರ್ವರಿನ, ಎಂದರೆ ಮಾಹಿತಿ ಒದಗಿಸುವ ದೂರದ ಕಂಪ್ಯೂಟರಿನ, ಬಾಗಿಲು ತಟ್ಟಿದಾಗಲೆಲ್ಲ ಒಳಗಿನಿಂದ ಮೂರಂಕಿಯ ಒಂದು ಸಂಖ್ಯೆ ಉತ್ತರವಾಗಿ ಬರುತ್ತದೆ. 401 ಎಂದರೆ ‘ನೀನು ಯಾರೆಂದು ನನಗೆ ಗೊತ್ತಿಲ್ಲ’ ಎಂದು ಅರ್ಥ. 403 ಎಂದರೆ ‘ನೀನು ಯಾರಾದರೂ ಆಗಿರು, ಒಳಗೆ ಬಿಡುವುದಿಲ್ಲ’ ಎಂದು ಅರ್ಥ. 503 ಎಂದರೆ ‘ಸದ್ಯಕ್ಕೆ ನನ್ನ ಕೈಯಲ್ಲಾಗದು’ ಎಂದು ಅರ್ಥ. 2012ರಲ್ಲಿ ಈ ಪಟ್ಟಿಗೆ ಸೇರಿದ 429ರ ತಾತ್ಪರ್ಯ ‘ಒಂದೇ ಸಮನೆ ಎಷ್ಟು ಸಲ ಕೇಳುತ್ತೀಯಪ್ಪಾ’ ಎಂಬುದು. ಈ ಕೊನೆಯ ಉತ್ತರದ ಜೊತೆಗೆ, ಇನ್ನೆಷ್ಟು ಸೆಕೆಂಡು ಸುಮ್ಮನಿದ್ದು ಬರಬೇಕು ಎಂಬುದನ್ನೂ ಸರ್ವರು ಹೇಳಿ ಕಳುಹಿಸಲು ಅವಕಾಶವಿದೆ. ಅಷ್ಟು ಖಚಿತವಾದ ಮಾತನ್ನು ಕೈಯಲ್ಲಿ ಹಿಡಿದುಕೊಂಡು ಬಂದ ಆ್ಯಪ್, ನಮ್ಮ ಮುಂದೆ ನಿಂತಾಗ ಮಾತ್ರ ‘ಸ್ವಲ್ಪ ಸಮಯ’ ಎಂದು ರಾಗ ಎಳೆಯುತ್ತದೆ. ಸ್ವಲ್ಪ ಎಂದರೆ ಎಷ್ಟೆಂದು ತಿಳಿಯದ ನಾವು ಅದೇ ಗುಂಡಿಯನ್ನು ಹತ್ತು ಸಲ ಒತ್ತುತ್ತೇವೆ. ಒತ್ತಿದ ಪ್ರತಿಯೊಂದು ಸಲವೂ ‘ಎಷ್ಟು ಸಲ ಕೇಳುತ್ತೀಯಪ್ಪಾ’ ಎಂಬ ದೂರಿಗೆ ನಾವೇ ಸಾಕ್ಷಿ ಒದಗಿಸುತ್ತಿರುತ್ತೇವೆ.

ನಾನು ಈ ಸಂಖ್ಯೆಗಳ ಸಹವಾಸಕ್ಕೆ ಬಿದ್ದದ್ದು ನಮ್ಮ ಓದುಗರ ಗುಂಪಿನ ದೆಸೆಯಿಂದ. ವಾರಕ್ಕೊಮ್ಮೆ ಸೇರಿ ಒಂದು ಪುಸ್ತಕವನ್ನು ಕುರಿತು ಮಾತನಾಡುವ ಹತ್ತಿಪ್ಪತ್ತು ಜನರ ಈ ಗುಂಪಿಗೆ ಒಂದು ಸಾಮಾಜಿಕ ಜಾಲತಾಣದಲ್ಲಿ ಪುಟವಿದೆ. ಪ್ರತಿವಾರವೂ ಸಭೆಯ ಪ್ರಕಟಣೆಯನ್ನು ನೆನಪಿಟ್ಟು ಹಾಕುವುದು ನನ್ನಿಂದಾಗದ ಕೆಲಸವಾದುದರಿಂದ, ತಿಂಗಳ ಮೊದಲಲ್ಲೇ ಎಲ್ಲವನ್ನೂ ಬರೆದಿಟ್ಟರೆ ಹೇಳಿದ ದಿನ, ಹೇಳಿದ ಹೊತ್ತಿಗೆ ತಾನೇ ಪ್ರಕಟಿಸುವ ಇನ್ನೊಂದು ಸೇವೆಯನ್ನು ಆ ಪುಟಕ್ಕೆ ಜೋಡಿಸಿದ್ದೆ. ಜೋಡಿಸಿದ ದಿನ ಪರದೆಯ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಮೂಡಿತು. ಪಕ್ಕದಲ್ಲಿ ‘ಕನೆಕ್ಟೆಡ್’ ಎಂದು ಬರೆದಿತ್ತು. ಅಂದಿನಿಂದ ನಾನು ಆ ಪುಟದ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಮೂರು ವಾರ ಸಭೆಗೆ ಬರುವವರ ಸಂಖ್ಯೆ ಇಳಿಯುತ್ತ ಹೋದಾಗ, ಜನರಿಗೆ ಸಾಹಿತ್ಯದ ಅಭಿರುಚಿ ಕಡಿಮೆಯಾಗುತ್ತಿದೆ ಎಂದು ನಾನು ಒಂದು ಗಂಭೀರವಾದ ನಿರ್ಣಯಕ್ಕೆ ಬಂದಿದ್ದೆ. ಅಭಿರುಚಿಗೆ ಏನೂ ಆಗಿರಲಿಲ್ಲ, ಪ್ರಕಟಣೆಗಳೇ ಹೊರಬಿದ್ದಿರಲಿಲ್ಲ. ಹೋಗಿ ನೋಡಿದರೆ ಹಸಿರು ಚುಕ್ಕೆ ಹಸಿರಾಗಿಯೇ ಇತ್ತು.

ಸೇವೆಯ ಸಹಾಯ ಕೇಂದ್ರಕ್ಕೆ ಬರೆದೆ. ‘ನಮ್ಮ ಕಡೆಯಿಂದ ಯಾವ ತೊಂದರೆಯೂ ಕಾಣಿಸುತ್ತಿಲ್ಲ; ದಯವಿಟ್ಟು ಜಾಲತಾಣದವರನ್ನು ಸಂಪರ್ಕಿಸಿ’ ಎಂಬ ಉತ್ತರ ಬಂದಿತು. ಜಾಲತಾಣದವರಿಗೆ ಬರೆದೆ. ‘ಹೊರಗಿನ ಆ್ಯಪ್‌ಗಳ ಕಾರ್ಯವೈಖರಿಗೆ ನಾವು ಹೊಣೆಗಾರರಲ್ಲ, ದಯವಿಟ್ಟು ಆ ಆ್ಯಪ್‌ನವರನ್ನು ಸಂಪರ್ಕಿಸಿ’ ಎಂದು ಅವರೂ ಅಷ್ಟೇ ವಿನಯದಿಂದ ತಿಳಿಸಿದರು. ಇಬ್ಬರೂ ಸ್ಕ್ರೀನ್‌ಶಾಟ್ ಕೇಳಿದರು. ಏನೂ ಆಗಿಲ್ಲ ಎನ್ನುವುದರ ಸ್ಕ್ರೀನ್‌ಶಾಟನ್ನು ತೆಗೆಯುವುದು ಹೇಗೆಂದು ಸ್ವಲ್ಪ ಯೋಚಿಸಿ, ಖಾಲಿಯಾಗಿದ್ದ ಪುಟದ ಚಿತ್ರವನ್ನೂ ಹಸಿರು ಚುಕ್ಕೆಯ ಚಿತ್ರವನ್ನೂ ಇಬ್ಬರಿಗೂ ಕಳುಹಿಸಿದೆ. ಕ್ಯಾಶ್ (ಆ್ಯಪ್ ಕೂಡಿಟ್ಟುಕೊಂಡಿರುವ ತಾತ್ಕಾಲಿಕ ಮಾಹಿತಿ) ಅಳಿಸಿ, ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ, ಆ್ಯಪನ್ನು ತೆಗೆದು ಮತ್ತೆ ಹಾಕಿ, ಮೊಬೈಲನ್ನು ಆರಿಸಿ ಹೊತ್ತಿಸಿ ಎಂಬ ನಾಲ್ಕು ಸಲಹೆಗಳು ಇಬ್ಬರಿಂದಲೂ ಒಂದೇ ಕ್ರಮದಲ್ಲಿ ಬಂದವು. ಆ ಕ್ರಮವನ್ನು ಇಬ್ಬರೂ ಒಂದೇ ಗುರುವಿನ ಬಳಿ ಕಲಿತಿರಬೇಕು.

ಇಂಥ ಹೊರಗಿನ ಆ್ಯಪುಗಳಿಗೆ ‘ಥರ್ಡ್ ಪಾರ್ಟಿ’ ಎಂದು ಹೆಸರು. ಜಾಲತಾಣವೇ ಮೊದಲನೆಯದು, ಬಳಸುವ ನಾವು ಎರಡನೆಯವರು, ಹೊರಗಿನಿಂದ ಬಂದು ಸೇರಿಕೊಂಡ ಆ್ಯಪ್ ಮೂರನೆಯದು ಎಂಬುದು ಲೆಕ್ಕ. ಎಲ್ಲವೂ ಸರಿಯಾಗಿ ನಡೆಯುತ್ತಿರುವಷ್ಟು ದಿನ ಈ ಲೆಕ್ಕವೂ ಸರಿಯೇ. ಎಲ್ಲಿಯಾದರೂ ಒಂದು ಎಳೆ ತುಂಡಾದ ಕ್ಷಣ ಮಾತ್ರ ಅವರಿಬ್ಬರೂ ಮೊದಲನೆಯ ಮತ್ತು ಎರಡನೆಯ ಸ್ಥಾನಗಳನ್ನು ಹಂಚಿಕೊಂಡು ಬಿಡುತ್ತಾರೆ, ಮೂರನೆಯವರು ನಾವಾಗುತ್ತೇವೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಇಂಥ ಸಂದರ್ಭಕ್ಕೆ ಚೆನ್ನಾಗಿ ಒಪ್ಪುತ್ತದೆ, ಒಂದೇ ವ್ಯತ್ಯಾಸವೆಂದರೆ ಇಲ್ಲಿ ಮದುವೆ ಮಾಡಿಸಿದ್ದೂ ಕೂಸೇ.

ಕೊನೆಗೆ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಸೋದರಳಿಯನಿಗೆ ಫೋನ್ ಮಾಡಿದೆ.

‘ಮಾವ, ಆ ಹಸಿರು ಚುಕ್ಕೆ ನಿಮಗೆ ಏನು ಹೇಳ್ತಿದೆ ಅಂದ್ಕೊಂಡಿದ್ದೀರಿ?’ ಎಂದ.

‘ಸಂಪರ್ಕ ಇದೆ ಅಂತ.’

‘ಅಲ್ಲ. ನನ್ನ ಜೇಬಿನಲ್ಲಿ ಒಂದು ಕೀಲಿಕೈ ಇದೆ ಅಂತ ಹೇಳ್ತಿದೆ, ಅಷ್ಟೇ. ಆ ಕೀಲಿಕೈಗೆ ಬೀಗ ತೆರೆಯುತ್ತೋ ಇಲ್ಲವೋ ಅದು ನೋಡೋಕೆ ಹೋಗಿಲ್ಲ. ನೀವು ಈಚೆಗೆ ಪಾಸ್‌ವರ್ಡ್ ಏನಾದರೂ ಬದಲಾಯಿಸಿದಿರಾ?’

ಬದಲಾಯಿಸಿದ್ದೆ. ಪಾಸ್‌ವರ್ಡನ್ನು ಆಗಾಗ ಬದಲಿಸುವುದು ವಿವೇಕಿಗಳ ಲಕ್ಷಣವೆಂದು ಎಲ್ಲಿಯೋ ಓದಿ, ಸರಿಯಾಗಿ ಮೂರು ವಾರಗಳ ಹಿಂದೆ ವಿವೇಕಿಯಾಗಿದ್ದೆ. ಪಾಸ್‌ವರ್ಡ್ ಬದಲಾದರೆ ಅದಕ್ಕೆ ಮೊದಲು ಹಂಚಿದ್ದ ಕೀಲಿಕೈಗಳನ್ನು ಹಲವು ಜಾಲತಾಣಗಳು ಒಮ್ಮೆಗೇ ರದ್ದು ಮಾಡುತ್ತವೆಯಂತೆ. ಕಳ್ಳನ ಕೈಯಲ್ಲಿ ನಕಲಿ ಕೀಲಿಕೈ ಇದ್ದರೆ ಅದೂ ನಿರುಪಯೋಗಿಯಾಗಲಿ ಎಂಬ ಸದುದ್ದೇಶ ಅದರ ಹಿಂದಿದೆ. ನನ್ನ ಸೇವೆಯು ಪ್ರತಿವಾರವೂ ಬಾಗಿಲಿಗೆ ಹೋಗಿ, 401 ಎಂಬ ಉತ್ತರವನ್ನು ಪಡೆದು, ಆ ವಿಷಯವನ್ನು ನನಗೆ ಮಿಂಚಂಚೆಯಲ್ಲಿ ತಿಳಿಸಿಯೂ ಇತ್ತು. ಗುಂಪಿನ ಹೆಸರಿನಲ್ಲಿ ತೆರೆದು ಆಮೇಲೆ ಮರೆತೇಬಿಟ್ಟಿದ್ದ ವಿಳಾಸದಲ್ಲಿ ಆ ಮೂರು ಪತ್ರಗಳು ಬಿಚ್ಚದ ಹಾಗೆಯೇ ಬಿದ್ದಿದ್ದವು.

ಈ ಕೀಲಿಕೈಗೆ ಸಾಫ್ಟ್‌ವೇರಿನವರ ಭಾಷೆಯಲ್ಲಿ ಟೋಕನ್ ಎನ್ನುತ್ತಾರೆ. ಇದಕ್ಕೆ ಮೊದಲಿದ್ದ ಪದ್ಧತಿಯನ್ನು ಕೇಳಿದರೆ ಈಗ ಮೈ ನಡುಗುತ್ತದೆ. ಹೊರಗಿನ ಆ್ಯಪ್ ನಮ್ಮ ಪರವಾಗಿ ಏನಾದರೂ ಮಾಡಬೇಕಿದ್ದರೆ ನಾವು ಅದಕ್ಕೆ ನಮ್ಮ ಪಾಸ್‌ವರ್ಡನ್ನೇ ಬರೆದುಕೊಡಬೇಕಾಗಿತ್ತು. ಅಂಗಳ ಗುಡಿಸಲು ಬಂದವನ ಕೈಗೆ ಮನೆಯ, ಬೀರುವಿನ, ತಿಜೋರಿಯ ಕೀಲಿಗೊಂಚಲನ್ನೇ ಕೊಟ್ಟು ಕಳುಹಿಸಿದ ಹಾಗೆ. ಇದು ಸರಿಯಲ್ಲವೆಂದು ಕೆಲವರು ಕಲೆತು 2007ರಲ್ಲಿ ‘ಓಆತ್’ ಎಂಬ ಒಪ್ಪಂದದ ಮೊದಲ ರೂಪವನ್ನು ಹೊರತಂದರು. ಅದರ ಪ್ರಕಾರ ಪಾಸ್‌ವರ್ಡನ್ನು ಜಾಲತಾಣಕ್ಕೆ ಮಾತ್ರ ಹೇಳಬೇಕು, ಹೊರಗಿನ ಆ್ಯಪಿಗೆ ಅಂಗಳದ ಗೇಟಿನದೊಂದೇ ಕೀಲಿಕೈ ಸಿಗುತ್ತದೆ, ಅದನ್ನು ಬೇಕಾದಾಗ ಹಿಂದಕ್ಕೆ ಪಡೆಯಬಹುದು. 2010ರ ಆಗಸ್ಟ್ ಕೊನೆಯಲ್ಲಿ ಟ್ವಿಟರ್ ಹಳೆಯ ಪದ್ಧತಿಯ ಬಾಗಿಲನ್ನು ಮುಚ್ಚಿತು. ಇಂದು ಎಲ್ಲೆಡೆ ಬಳಕೆಯಲ್ಲಿರುವ ಎರಡನೆಯ ಆವೃತ್ತಿ 2012ರಲ್ಲಿ ಬಂದಿತು. ಈ ಕೀಲಿಕೈಗಳಿಗೆ ಸಾಮಾನ್ಯವಾಗಿ ಆಯುಸ್ಸೂ ಉಂಟು: ಕೆಲವು ಒಂದು ಗಂಟೆ ಬದುಕುತ್ತವೆ, ಫೇಸ್‌ಬುಕ್ ಕೊಡುವ ‘ದೀರ್ಘಾಯುಷಿ’ ಟೋಕನ್ ಸುಮಾರು 60 ದಿನ ಬದುಕುತ್ತದೆ. ಅರವತ್ತು ದಿನಕ್ಕೆ ದೀರ್ಘಾಯುಸ್ಸು ಎನ್ನುವ ಲೋಕದಲ್ಲಿ ನಾವಿದ್ದೇವೆ.

ಅಳಿಯನ ಮಾತಿನಂತೆ ಸೆಟ್ಟಿಂಗ್ಸ್ ಒಳಗೆ ಹೋಗಿ, ನನ್ನ ಖಾತೆಗೆ ಯಾವ ಯಾವ ಆ್ಯಪುಗಳು ಜೋಡಣೆಯಾಗಿವೆ ಎಂಬ ಪಟ್ಟಿಯನ್ನು ತೆರೆದೆ. ಒಟ್ಟು ಹತ್ತೊಂಬತ್ತು ಇದ್ದವು. ಒಂದೇ ಒಂದು ಫೋಟೋವನ್ನು ಕಪ್ಪುಬಿಳುಪು ಮಾಡಿಕೊಂಡು ಆ ಬಳಿಕ ಮುಖ ನೋಡದ ಆ್ಯಪ್ ಅಲ್ಲಿತ್ತು. ಒಂದು ಚದುರಂಗದ ಆಟವಿತ್ತು. ಅದರಲ್ಲಿ ನಾನು ಎರಡು ಸಲ ಸೋತದ್ದು ಮಾತ್ರ ನೆನಪಿದೆ. ಹಿಂದಿನ ಜನ್ಮದಲ್ಲಿ ನಾನು ಏನಾಗಿದ್ದೆ ಎಂಬುದನ್ನು ಐದು ಪ್ರಶ್ನೆಗಳಲ್ಲಿ ಕಂಡುಹಿಡಿದು, ನನ್ನ ಸ್ನೇಹಿತರ ಪಟ್ಟಿಯನ್ನು ನೋಡಲು ಅಪ್ಪಣೆ ಪಡೆದು ಹೋದ ಒಂದು ಪುಣ್ಯಾತ್ಮನ ಹೆಸರೂ ಇತ್ತು. ಇಂಥ ಪ್ರಶ್ನಾವಳಿಗಳನ್ನು ನಾನು ನಿರುಪದ್ರವಿಗಳೆಂದೇ ಭಾವಿಸಿದ್ದೆ. ಆದರೆ ಫೇಸ್‌ಬುಕ್ ಬಳಕೆದಾರರ ಮಾಹಿತಿ ಒಂದು ರಾಜಕೀಯ ಸಲಹಾ ಸಂಸ್ಥೆಯ ಕೈಸೇರಿದ್ದು ಬಯಲಾದ 2018ರ ಕೇಂಬ್ರಿಡ್ಜ್ ಅನಲಿಟಿಕಾ ಹಗರಣದ ಮೂಲದಲ್ಲಿ ಇದ್ದುದೂ ವ್ಯಕ್ತಿತ್ವ ಪರೀಕ್ಷೆಯ ಇಂಥದೇ ಒಂದು ಆ್ಯಪ್: ಹಾಕಿಕೊಂಡವರು ಸುಮಾರು 2,70,000 ಮಂದಿ, ಅವರ ಸ್ನೇಹಿತರ ಮೂಲಕ ಮಾಹಿತಿ ಸೋರಿಹೋಗಿರಬಹುದಾದವರು 8.7 ಕೋಟಿಯವರೆಗೆ ಎಂದು ಫೇಸ್‌ಬುಕ್ ಸಂಸ್ಥೆಯೇ ಆಗ ಹೇಳಿತು.

ಅದಾದ ಮೇಲೆ ಒಂದೊಂದೇ ಬಾಗಿಲು ಮುಚ್ಚತೊಡಗಿತು. 2018ರ ಆಗಸ್ಟ್ 1ರಿಂದ ಹೊರಗಿನ ಆ್ಯಪುಗಳು ಫೇಸ್‌ಬುಕ್ಕಿನ ವೈಯಕ್ತಿಕ ಖಾತೆಗಳಲ್ಲಿ ತಾವಾಗಿ ಏನನ್ನೂ ಪ್ರಕಟಿಸುವಂತಿಲ್ಲ ಎಂದಾಯಿತು. ಹಿಂದಿನ ದಿನದವರೆಗೆ ನಡೆಯುತ್ತಿದ್ದುದು ಮರುದಿನ ನಿಂತುಹೋದರೆ, ಸಾಮಾನ್ಯ ಬಳಕೆದಾರನು ಅದು ಕೆಟ್ಟಿದೆ ಎಂದೇ ತಿಳಿದು ರಿಪೇರಿಗೆ ಕೂರುತ್ತಾನೆ. ಕೆಟ್ಟಿರುವುದು ಬೇರೆ, ಮುಚ್ಚಿರುವುದು ಬೇರೆ. ಕೆಟ್ಟದ್ದಕ್ಕೆ ಕ್ಯಾಶ್ ಅಳಿಸಬಹುದು. ಮುಚ್ಚಿದ್ದಕ್ಕೆ ಏನು ಅಳಿಸಿದರೂ ಅಷ್ಟೇ. ಇವೆರಡರ ವ್ಯತ್ಯಾಸವನ್ನು ಪರದೆ ನಮಗೆ ಹೇಳುವುದಿಲ್ಲ ಎಂಬುದೇ ನನ್ನ ದೊಡ್ಡ ತಕರಾರು, ಎರಡಕ್ಕೂ ಅದರ ಬಳಿ ಇರುವುದು ಅದೇ ‘ಏನೋ’. 2012ರ ಡಿಸೆಂಬರಿನಲ್ಲಿ ಇನ್‌ಸ್ಟಾಗ್ರಾಂ ಚಿತ್ರಗಳು ಟ್ವಿಟರಿನೊಳಗೆ ಕಾಣಿಸುವುದು ನಿಂತಿತು. ಅದು ದೋಷವಾಗಿರಲಿಲ್ಲ, ಬೇಕೆಂದೇ ತೆಗೆದುಕೊಂಡ ತೀರ್ಮಾನವಾಗಿತ್ತು. ಆ ಚಿತ್ರಗಳು ಮತ್ತೆ ಕಾಣಿಸಿದ್ದು 2021ರ ನವೆಂಬರಿನಲ್ಲಿ. 2023ರ ಜನವರಿಯಲ್ಲಿ ಟ್ವಿಟರನ್ನು ಓದಲು ಹೊರಗಿನವರು ಕಟ್ಟಿದ್ದ ಟ್ವೀಟ್‌ಬಾಟ್, ಟ್ವಿಟರಿಫಿಕ್ ಮುಂತಾದ ಆ್ಯಪುಗಳು ಒಂದು ರಾತ್ರಿ ಇದ್ದಕ್ಕಿದ್ದಂತೆ ನಿಂತಾಗ ಅವುಗಳನ್ನು ಕಟ್ಟಿದವರಿಗೇ ಕಾರಣ ತಿಳಿಯಲಿಲ್ಲ. ಅವರೂ ನಮ್ಮಂತೆ ಕೆಲವು ದಿನ ದೋಷ ಹುಡುಕಿದರು; ಸುಮಾರು ವಾರದ ಮೇಲೆ ನಿಯಮಗಳೇ ಬದಲಾದಾಗ, ಹುಡುಕುತ್ತಿದ್ದುದು ದೋಷವಲ್ಲ, ನಿಷೇಧ ಎಂದು ಖಚಿತವಾಯಿತು.

ನಿಜವಾಗಿ ಕೆಡುವ ಪ್ರಸಂಗಗಳೂ ಇಲ್ಲದಿಲ್ಲ. 2020ರ ಮೇ 6ರಂದು ಐಫೋನುಗಳಲ್ಲಿ ಸ್ಪಾಟಿಫೈ, ಟಿಂಡರ್‌ನಂಥ ಆ್ಯಪುಗಳು ತೆರೆದ ಕೂಡಲೇ ಮುಚ್ಚಿಕೊಳ್ಳತೊಡಗಿದವು. ಅವುಗಳ ಒಡಲಲ್ಲಿ ಸೇರಿಸಿಕೊಂಡಿದ್ದ ಫೇಸ್‌ಬುಕ್ಕಿನ ಒಂದು ತುಣುಕು ಕೋಡು, ಸರ್ವರಿನಿಂದ ಬಂದ ಬದಲಾವಣೆಯನ್ನು ಅರಗಿಸಿಕೊಳ್ಳಲಾರದೆ ಕುಸಿದಿತ್ತು. ಹಾಡು ಕೇಳಲು ಕುಳಿತ ಮನುಷ್ಯನಿಗೆ, ಅವನು ಫೇಸ್‌ಬುಕ್ ಮೂಲಕ ಲಾಗಿನ್ ಆಗಿರದಿದ್ದರೂ, ತನ್ನ ಹಾಡು ನಿಂತದ್ದು ಅಲ್ಲಿಂದ ಎಂದು ಹೊಳೆಯುವುದಾದರೂ ಹೇಗೆ? 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಅಂತರಜಾಲದಿಂದಲೇ ಮರೆಯಾದಾಗ, ಅದರ ಮೂಲಕ ಲಾಗಿನ್ ಆಗುವ ಅಭ್ಯಾಸವಿದ್ದವರಿಗೆ ಬೇರೆ ತಾಣಗಳ ಬಾಗಿಲುಗಳೂ ತೆರೆಯಲಿಲ್ಲ.

ದೊಡ್ಡವರ ತಪ್ಪುಗಳನ್ನು ಎಣಿಸುತ್ತ ನನ್ನದನ್ನು ಮರೆಸುವುದು ನ್ಯಾಯವಲ್ಲ. ಹೊಸದಾಗಿ ಜೋಡಣೆ ಮಾಡಲು ಹೊರಟಾಗ ಜಾಲತಾಣವು ಆರಂಕಿಯ ಸಂಕೇತವೊಂದನ್ನು ಕೇಳಿತು. ಮೊಬೈಲಿನ ಆ್ಯಪ್ ಒಂದು ತೋರಿಸುವ, ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಸಂಖ್ಯೆ ಅದು. ಬರೆದೆ, ತಪ್ಪು ಎಂದಿತು. ಮತ್ತೆ ಬರೆದೆ, ಮತ್ತೆ ತಪ್ಪು. ನಾಲ್ಕನೆಯ ಸಲ, ಅಂಕಿಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತ, ಒಂದೊಂದನ್ನೇ ಬೆರಳಿನಿಂದ ಒತ್ತಿ ಬರೆದರೂ ತಪ್ಪೇ.

‘ಮಾವ, ನಿಮ್ಮ ಮೊಬೈಲಿನಲ್ಲಿ ಈಗ ಗಂಟೆ ಎಷ್ಟು?’ ಎಂದು ಅಳಿಯ ಕೇಳಿದ. ಹೇಳಿದೆ. ಆ ಕಡೆ ಒಂದು ಕ್ಷಣ ಮೌನ.

ಎಲ್ಲಿಗೂ ತಡವಾಗಿ ಹೋಗಬಾರದೆಂದು ನಾನು ಮೊಬೈಲಿನ ಗಡಿಯಾರವನ್ನು ಐದು ನಿಮಿಷ ಮುಂದೆ ಇಟ್ಟುಕೊಂಡಿರುತ್ತೇನೆ. ಈ ಆರಂಕಿಯ ಸಂಖ್ಯೆ ಹುಟ್ಟುವುದು ಒಂದು ಗುಟ್ಟಿನ ಬೀಜ ಮತ್ತು ಆ ಹೊತ್ತಿನ ಸಮಯ ಇವೆರಡನ್ನೂ ಬೆರೆಸಿ ಮಾಡುವ ಒಂದು ಲೆಕ್ಕದಿಂದ. ಅತ್ತಲಿನ ಸರ್ವರು ತನ್ನ ಗಡಿಯಾರವನ್ನು ನೋಡಿಕೊಂಡು ಅದೇ ಲೆಕ್ಕವನ್ನು ಮಾಡಿ ತಾಳೆ ನೋಡುತ್ತದೆ. ನಾನು ಕೊಡುತ್ತಿದ್ದುದು ಐದು ನಿಮಿಷಗಳ ಮುಂದಿನ ಕಾಲಕ್ಕೆ ಸಲ್ಲಬೇಕಾದ ಸಂಖ್ಯೆ. ತಪ್ಪೆನ್ನಲಾಗದು, ಇನ್ನೂ ಸರಿಯಾಗಿರಲಿಲ್ಲ ಅಷ್ಟೇ. ಗಡಿಯಾರವನ್ನು ಲೋಕದ ಕಾಲಕ್ಕೆ ಹಿಂದಿರುಗಿಸಿದೆ, ಬಾಗಿಲು ತೆರೆಯಿತು, ಅಪ್ಪಣೆಗಳ ಪಟ್ಟಿ ಬಂದಿತು, ಈ ಸಲ ಅದನ್ನು ಕೊನೆಯವರೆಗೆ ಓದಿ ಒಪ್ಪಿಗೆ ಒತ್ತಿದೆ.

ಆಗ ಸೇವೆಯು ಬಹಳ ಮರ್ಯಾದೆಯಿಂದ, ‘ಹಿಂದೆ ವಿಫಲವಾದ ಪೋಸ್ಟುಗಳನ್ನು ಈಗ ಕಳುಹಿಸಬೇಕೇ?’ ಎಂದು ಕೇಳಿತು. ಮೂರು ವಾರಗಳ ಸಂಕಟ ಕಳೆದ ಉತ್ಸಾಹದಲ್ಲಿ ನಾನು ‘ಹೌದು’ ಎಂದುಬಿಟ್ಟೆ. ಮುಗಿದುಹೋಗಿದ್ದ ಮೂರು ಸಭೆಗಳಿಗೆ ‘ಈ ಶನಿವಾರ ತಪ್ಪದೆ ಬನ್ನಿ’ ಎಂಬ ಆಮಂತ್ರಣಗಳು ಸಾಲಾಗಿ, ಒಂದೇ ನಿಮಿಷದೊಳಗೆ ಪ್ರಕಟವಾದವು. ಗುಂಪಿನ ಹಿರಿಯ ಸದಸ್ಯರೊಬ್ಬರು ಫೋನ್ ಮಾಡಿ, ‘ಒಂದೇ ಶನಿವಾರ ಮೂರು ಪುಸ್ತಕ ಅಂದರೆ ಓದೋದು ಹೇಗೆ ಸ್ವಾಮಿ?’ ಎಂದು ಕೇಳುತ್ತಿದ್ದಾಗ ನಾನು ಪರದೆಯ ಮೂಲೆಯನ್ನು ನೋಡಿದೆ. ಚುಕ್ಕೆ ಮೊದಲು ಎಷ್ಟು ಹಸಿರಾಗಿತ್ತೋ ಅಷ್ಟೇ ಹಸಿರಾಗಿತ್ತು.