ಲೆಕ್ಕ ಕೇಳಿದ್ದೇ ತಪ್ಪಾಯ್ತಂತೆ!

"ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ ನನ್ನ ಹತ್ರ ಲೆಕ್ಕ ಕೇಳ್ತಾಳೆ." ನಮ್ಮ ದೊಡ್ಡಪ್ಪ ಮದುವೆ ಮನೆಗೆ ಹೋದರೂ ಇದೇ, ತಿಥಿ ಮನೆಗೆ ಹೋದರೂ ಇದೇ. ಕೇಳಿಸಿಕೊಂಡವರೆಲ್ಲ ನನ್ನನ್ನೇ ಗುರಾಯಿಸುತ್ತಾರೆ.

ಹೌದು ರೀ, ಕೇಳಿದೆ. ಯಾಕೆ ಕೇಳಬಾರದು? ತಾತ ಪೇಟೆ ಬೀದಿಯ ಮಳಿಗೆಗಳನ್ನು ಟ್ರಸ್ಟ್ ಮಾಡಿ, ರಿಜಿಸ್ಟರ್ ಮಾಡಿಸಿ ಹೋದರು. ಬಾಡಿಗೆ ಹಣ ಮೊಮ್ಮಕ್ಕಳ ಓದಿಗೆ ಅಂತ ಪತ್ರದಲ್ಲೇ ಬರೆಸಿದ್ದಾರೆ. ದೊಡ್ಡಪ್ಪ ಟ್ರಸ್ಟಿ, ಅಂದರೆ ಅದನ್ನು ನೋಡಿಕೊಳ್ಳುವ ಹೊಣೆ ಅವರದು. ಆದರೆ ನನ್ನ ತಂಗಿಯ ಕಾಲೇಜು ಫೀಸಿಗೆ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಬೇಕಾಯ್ತು. "ಬಾಡಿಗೆ ರಿಪೇರಿಗೇ ಸಾಲಲ್ಲ ಕಣಮ್ಮಾ" ಅಂದರು ದೊಡ್ಡಪ್ಪ.

ಬಹಳ ಪೀಡಿಸಿದ ಮೇಲೆ ಲೆಕ್ಕ ಅಂತ ಒಂದು ಕೊಟ್ಟರು. ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿ, ಪೆನ್ಸಿಲ್‌ನಲ್ಲಿ. ಸುಣ್ಣ ಬಣ್ಣ, ಕಂದಾಯ, ಇತರೆ. ಮೊದಲೆರಡನ್ನೂ ಕೂಡಿಸಿದರೂ 'ಇತರೆ'ಯೇ ಜಾಸ್ತಿ! ರಶೀದಿ ಎಲ್ಲಿ ಅಂದರೆ, "ಅದನ್ನೆಲ್ಲ ಕಟ್ಟಿಟ್ಟುಕೊಂಡು ಕೂರೋಕೆ ನಾನೇನು ಬ್ಯಾಂಕಾ?"

ಬ್ಯಾಂಕ್ ಅಲ್ಲ, ಆದರೆ ಟ್ರಸ್ಟಿ ಅಲ್ವಾ? 1882ರ ಭಾರತೀಯ ಟ್ರಸ್ಟ್ ಕಾಯ್ದೆಯ 19ನೇ ಸೆಕ್ಷನ್ ಓದಿ ನೋಡಿ. ಟ್ರಸ್ಟಿ ಸರಿಯಾದ ಲೆಕ್ಕ ಇಡಲೇಬೇಕು, ಫಲಾನುಭವಿ, ಅಂದರೆ ನಮ್ಮಂಥ ಮೊಮ್ಮಕ್ಕಳು, ಹೊತ್ತು ಗೊತ್ತು ನೋಡಿ ಕೇಳಿದಾಗ ಆಸ್ತಿಯ ಪೂರ್ತಿ ವಿವರ ಕೊಡಲೇಬೇಕು. 57ನೇ ಸೆಕ್ಷನ್ ಪ್ರಕಾರ ಟ್ರಸ್ಟ್ ಪತ್ರ, ಲೆಕ್ಕದ ಪುಸ್ತಕ, ವೋಚರ್ ಎಲ್ಲವನ್ನೂ ನಾವು ನೋಡಬಹುದು, ನಕಲು ತೆಗೆದುಕೊಳ್ಳಬಹುದು. ಕಳ್ಳತನ ಆಗಿದೆ ಅಂತ ಮೊದಲು ಸಾಬೀತು ಮಾಡಿ ಬನ್ನಿ ಅಂತ ಅದರಲ್ಲಿ ಎಲ್ಲೂ ಇಲ್ಲ. ನಾನೂ ಕಳ್ಳ ಅಂದಿಲ್ಲ. ಪುಸ್ತಕ ತೋರಿಸಿ ಅಂದೆ, ಅಷ್ಟೇ.

ಇನ್ನು ಮೂಲೆ ಮಳಿಗೆಯ ಕಥೆ ಕೇಳಿ. ಅದರಲ್ಲಿರೋದು ದೊಡ್ಡಪ್ಪನದೇ ಗೊಬ್ಬರದ ಅಂಗಡಿ! ಬಾಡಿಗೆ ಎಷ್ಟು, ಯಾರಿಗೆ ಕಟ್ಟುತ್ತಾರೆ, ದೇವರಿಗೇ ಗೊತ್ತು. ಕೋರ್ಟಿನ ಅನುಮತಿ ಇಲ್ಲದೆ ಟ್ರಸ್ಟಿ ತಾನೇ ಟ್ರಸ್ಟಿನ ಆಸ್ತಿಯನ್ನು ಗುತ್ತಿಗೆಗೆ ಹಿಡಿಯೋ ಹಾಗಿಲ್ಲ ಅಂತ 53ನೇ ಸೆಕ್ಷನ್ ಹೇಳುತ್ತದೆ. ಅದನ್ನು ಎತ್ತಿದ್ದಕ್ಕೇ ದೊಡ್ಡಮ್ಮ ನನ್ನ ಜೊತೆ ಮಾತು ಬಿಟ್ಟಿರೋದು. "ಇಷ್ಟು ವರ್ಷ ಪುಕ್ಕಟೆ ದುಡಿದಿದ್ದಾರೆ" ಅಂತ ಅವರ ವಾದ. ಪತ್ರದಲ್ಲಿ ಬರೆಯದಿದ್ದರೆ ಟ್ರಸ್ಟಿಗೆ ಸಂಬಳ ಇಲ್ಲ, ಅದೂ ಕಾನೂನೇ. ಕಷ್ಟ ಆದರೆ ಜವಾಬ್ದಾರಿ ಬಿಟ್ಟುಕೊಡಲಿ, ಯಾರು ಬೇಡ ಅಂದರು?

"ನಾನು ಮನೆ ಯಜಮಾನ" ಅನ್ನೋದು ಇನ್ನೊಂದು ರಾಗ. ಒಟ್ಟು ಕುಟುಂಬದ ಯಜಮಾನಿಕೆ ಬೇರೆ, ತಾತ ಬರೆಸಿದ ಟ್ರಸ್ಟ್ ಬೇರೆ. ದೊಡ್ಡಪ್ಪನ ಮಗ ಮೊನ್ನೆ ಫೋನ್ ಮಾಡಿ, "ಹಳೇ ಲೆಕ್ಕಕ್ಕೆಲ್ಲ ಅವಧಿ ಮುಗಿದು ಹೋಗಿದೆ ಬಿಡು" ಅಂದ. ಪಾಪ, 1963ರ ಕಾಲಮಿತಿ ಕಾಯ್ದೆಯ 10ನೇ ಸೆಕ್ಷನ್ ಅವನಿಗೆ ಯಾರೂ ಹೇಳಿಲ್ಲ. ಇಂಥ ಟ್ರಸ್ಟಿಯ ಮೇಲೆ ಲೆಕ್ಕಕ್ಕಾಗಿ ದಾವೆ ಹೂಡಲು ಎಷ್ಟು ವರ್ಷ ಕಳೆದರೂ ಅಡ್ಡಿಯಿಲ್ಲ.

ಅಮ್ಮ ಮಾತ್ರ "ಬೇಡ ಕಣೇ, ಸಂಬಂಧ ಕೆಡುತ್ತೆ" ಅಂತ ದಿನಾ ಅಳುತ್ತಾಳೆ. ಫೀಸಿಗೆ ಸಾಲ ಮಾಡಿದಾಗ ಕೆಡದ ಸಂಬಂಧ ಈಗ ಕೆಡುತ್ತಂತೆ! ವಕೀಲರ ಹತ್ತಿರ ನೋಟಿಸ್ ಬರೆಸಿದ್ದೇನೆ. ಸೋಮವಾರ ಹೋಗುತ್ತೆ.