ಹಳೆ ಬೋರ್ಡೋ ಮತ್ತು ನಮ್ಮ ಷೋಕೇಸು

ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರಿಗೆ ಬೋರ್ಡೋ ಅಂದರೆ ಮೈಲುತುತ್ತು ಮತ್ತು ಸುಣ್ಣ, ಕೊಳೆರೋಗಕ್ಕೆ ಹೊಡೆಯುವ ಮದ್ದು. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಪ್ರದೇಶದ ಮೆಡಾಕ್ ಸೀಮೆಯ ದ್ರಾಕ್ಷಿತೋಟಗಳಲ್ಲಿ ಬೂಜುರೋಗ ತಡೆಯಲು ಮಿಲ್ಲಾರ್ದೆ ಎಂಬ ಸಸ್ಯಶಾಸ್ತ್ರಜ್ಞ ರೂಪಿಸಿದ ಮಿಶ್ರಣ ಅದು. 100 ಲೀಟರ್ ನೀರಿಗೆ ಎಷ್ಟು ತುತ್ತು, ಎಷ್ಟು ಸುಣ್ಣ ಎಂದು ನಮ್ಮಲ್ಲಿ ನಿದ್ದೆಗಣ್ಣಲ್ಲೂ ಹೇಳುವವರಿದ್ದಾರೆ. ಅದೇ ತೋಟಗಳ ವೈನಿನ ವಿಷಯಕ್ಕೆ ಬಂದರೆ ಮಾತ್ರ ನಮ್ಮವರ ಲೆಕ್ಕವೆಲ್ಲ ಅಂದಾಜಿನದು. ಊರಿಗೆ ಹೊರಟ ಫ್ರಾನ್ಸಿನ ಕನ್ನಡಿಗರು ಸುಂಕವಿಲ್ಲದೆ ಒಯ್ಯಬಹುದಾದ 2 ಲೀಟರಿನಲ್ಲಿ ಒಂದು ಹಳೆ ಬೋರ್ಡೋ ಸೇರಿಸಿಕೊಳ್ಳುತ್ತಾರೆ. ಅದು ಬೆಂಗಳೂರಿನ ಹಾಲ್‌ನ ಷೋಕೇಸಿನಲ್ಲಿ, ಟಿ.ವಿ. ಪಕ್ಕ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎರಡು ಬೇಸಿಗೆ ನಿಂತಿರುತ್ತದೆ. ಆಮೇಲೆ ಯಾರದೋ ಮದುವೆ ವಾರ್ಷಿಕೋತ್ಸವಕ್ಕೆ ತೆರೆದು, ‘ಇಷ್ಟೇನಾ?’ ಅನ್ನುತ್ತಾರೆ. ಹಾಗನ್ನುವವರ ನಾಲಗೆಯಲ್ಲಿ ದೋಷವಿಲ್ಲ. ಬಾಟಲಿ ಸತ್ತು ಆಗಲೇ ತಿಂಗಳುಗಳಾಗಿರುತ್ತವೆ.

ಇದರ ಹಿಂದೆ ವಿಸ್ಕಿಯ ಲೆಕ್ಕಾಚಾರವಿದೆ. ವಿಸ್ಕಿ ಲೇಬಲ್ಲಿನ ಮೇಲಿನ 12 ಅಥವಾ 18 ವರ್ಷ ಪೀಪಾಯಿಯಲ್ಲಿ ಕಳೆದದ್ದು. ಬಾಟಲಿಗೆ ಇಳಿದ ಮೇಲೆ ಅದು ಎಲ್ಲಿ ಇತ್ತೋ ಅಲ್ಲೇ. ವೈನ್ ಹಾಗಲ್ಲ, ಬಾಟಲಿಯೊಳಗೂ ಬದಲಾಗುತ್ತಲೇ ಇರುತ್ತದೆ, ಏರುತ್ತದೆ, ಇಳಿಯುತ್ತದೆ. ‘ಹಳೆಯದಾದಷ್ಟೂ ರುಚಿ’ ಅನ್ನುವುದು ಬಹುಪಾಲು ವೈನುಗಳ ಮಟ್ಟಿಗೆ ಸುಳ್ಳು. ಹೆಚ್ಚಿನವನ್ನು ಮೂರರಿಂದ ಐದು ವರ್ಷದೊಳಗೆ ಕುಡಿದು ಮುಗಿಸಲೆಂದೇ ಮಾಡಿರುತ್ತಾರೆ. ಇಪ್ಪತ್ತು ವರ್ಷ ತಾಳಬೇಕಾದರೆ ಹಣ್ಣು, ಹುಳಿ, ಒಗರು ಮೂರೂ ಗಟ್ಟಿಯಾಗಿರಬೇಕು. ದಪ್ಪ ಸಿಪ್ಪೆಯ ಕ್ಯಾಬರ್ನೆ ಸೊವಿನ್ಯೋಂ ದ್ರಾಕ್ಷಿ ಮೇಲುಗೈಯಾದ, ಮೆಡಾಕ್ ಸೀಮೆಯ ಪೋಯಾಕ್, ಸೇಂಟ್ ಎಸ್ತೆಫ್ ಊರುಗಳ ವೈನುಗಳಿಗೆ ಆ ಕಸುವಿದೆ. ವರ್ಷವನ್ನೂ ನೋಡಬೇಕು: 2005, 2010 ದೀರ್ಘ ಬಾಳಿಕೆಯವು; 2013 ಬಡ ವರ್ಷ, ಅದನ್ನು ಇನ್ನೂ ಕೂಡಿಟ್ಟಿದ್ದರೆ ಬೇಗ ತೆರೆಯುವುದು ವಾಸಿ. ಬೋರ್ಡೋದ ಹೆಸರಾಂತ ತೋಟಗಳಿಗೆ 1855ರಲ್ಲಿ ಕೊಟ್ಟ ಶ್ರೇಣಿಯ ಹೆಸರು ಲೇಬಲ್ಲಿನ ಮೇಲಿದ್ದ ಮಾತ್ರಕ್ಕೆ ಯಾವ ವರ್ಷದ್ದಾದರೂ ನಡೆದೀತು ಅಂದುಕೊಳ್ಳುವುದು ದುಬಾರಿ ನಂಬಿಕೆ.

ಇಡುವ ಜಾಗ 12ರಿಂದ 14 ಡಿಗ್ರಿ ಇರಬೇಕು, ಕತ್ತಲಿರಬೇಕು, ಅಲುಗಾಟವಿರಬಾರದು. ಬಾಟಲಿ ಮಲಗಿರಬೇಕು. ನಿಲ್ಲಿಸಿಟ್ಟರೆ ಕಾರ್ಕ್ ಒಣಗಿ ಕುಗ್ಗುತ್ತದೆ, ಗಾಳಿ ಒಳಗಿಳಿಯುತ್ತದೆ. ತಾಪ ಏರಿದರೆ ದ್ರವ ಹಿಗ್ಗಿ ಕಾರ್ಕನ್ನು ಮೇಲೆ ತಳ್ಳುತ್ತದೆ. ಹಣ್ಣಿನ ಘಮ ಹೋಗಿ ಬೆಂದ ಜಾಮಿನ ವಾಸನೆ ಉಳಿಯುತ್ತದೆ. ಬೆಂಗಳೂರಿನ ಹವೆ ಮನುಷ್ಯರಿಗೆ ಹಿತ, ಹಳೆ ವೈನಿಗೆ ಅಲ್ಲ. ವೈನ್ ಕಪಾಟಿಲ್ಲದ ಮನೆಯಲ್ಲಿ ಕೆಲವು ತಿಂಗಳ ಮಟ್ಟಿಗೆ ಫ್ರಿಜ್ಜಿನ ಕೆಳಗಿನ ತಟ್ಟೆಯೇ ಷೋಕೇಸಿಗಿಂತ ಎಷ್ಟೋ ಮೇಲು. ಕೊಳ್ಳುವಾಗ ದ್ರವ ಎಲ್ಲಿಯವರೆಗಿದೆ ನೋಡಿ: ಇಪ್ಪತ್ತು ವರ್ಷದ ಬಾಟಲಿಯಲ್ಲಿ ಕತ್ತಿನ ಬುಡದವರೆಗಿದ್ದರೆ ಸರಿ, ಭುಜದ ನಡುವಿಗೆ ಇಳಿದಿದ್ದರೆ ಅನುಮಾನಿಸಿ.

ಬಡಿಸುವ ತಾಪದ ವಿಷಯದಲ್ಲಿ ಒಂದು ಹಳೆ ತಪ್ಪು ತಿಳಿವಳಿಕೆ ಲೋಕವೆಲ್ಲ ಹಬ್ಬಿದೆ. ಕೆಂಪು ವೈನನ್ನು ‘ರೂಮ್ ಟೆಂಪರೇಚರ್’ನಲ್ಲಿ ಕುಡಿಯಬೇಕು ಅನ್ನುತ್ತಾರೆ, ಆ ಮಾತು ಹುಟ್ಟಿದ್ದು ಹೀಟರ್ ಇಲ್ಲದ ಕಾಲದ ಫ್ರೆಂಚ್ ಮನೆಗಳಲ್ಲಿ. ಬೇಕಾದದ್ದು 16ರಿಂದ 18 ಡಿಗ್ರಿ. 27 ಡಿಗ್ರಿಯಲ್ಲಿ ಮೂಗಿಗೆ ಮೊದಲು ಬಡಿಯುವುದು ಆಲ್ಕೋಹಾಲು, ಮಿಕ್ಕಿದ್ದೆಲ್ಲ ಅದರ ಹಿಂದೆ ಮುಚ್ಚಿಹೋಗುತ್ತದೆ. ಹಾಗಂತ ಐಸ್ ಹಾಕಬೇಡಿ. ಎರಡು ದಿನ ಮೊದಲು ಬಾಟಲಿಯನ್ನು ಫ್ರಿಜ್ಜಿನೊಳಗೆ ನೆಟ್ಟಗೆ ನಿಲ್ಲಿಸಿ (ಬಾಗಿಲಲ್ಲಿ ಬೇಡ, ತೆರೆದು ಮುಚ್ಚುವಾಗ ಅಲುಗುತ್ತದೆ). ಊಟಕ್ಕೆ ಸುಮಾರು ಒಂದೂವರೆ ಗಂಟೆ ಮೊದಲು ಅಲುಗಿಸದೆ ಹೊರಗಿಡಿ. ನಿಲ್ಲಿಸುವುದರಿಂದ ಇನ್ನೊಂದು ಕೆಲಸವೂ ಆಗುತ್ತದೆ. ವರ್ಷಗಳು ಕಳೆದಂತೆ ಬಣ್ಣದ ಕಣಗಳೂ ಒಗರಿನ ಟ್ಯಾನಿನ್ನೂ ಒಂದಕ್ಕೊಂದು ಅಂಟಿ, ಭಾರವಾಗಿ ಗಷ್ಟಾಗಿರುತ್ತವೆ. ವೈನಿನ ಒಗರು ಮೆತ್ತಗಾಗುವುದೂ ಬಣ್ಣ ತಿಳಿಯಾಗುವುದೂ ಬಹುಮಟ್ಟಿಗೆ ಇದರಿಂದಲೇ. ಆ ಗಷ್ಟು ತಳ ಸೇರಲು ಎರಡು ದಿನ ಬೇಕು.

ಇನ್ನು ಕಾರ್ಕ್. ಲೋಹದ ಹೊದಿಕೆಯನ್ನು ಬಾಯಿಯ ಉಬ್ಬಿನ ಕೆಳಗೆ ಸುತ್ತ ಕತ್ತರಿಸಿ ತೆಗೆದು, ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ. ಅಲ್ಲಿ ಕರಿ ಬೂಜಿದ್ದರೆ ಗಾಬರಿಯಾಗಬೇಕಿಲ್ಲ, ಅದು ತೇವವಿರುವ ನೆಲಮಾಳಿಗೆಯ ಗುರುತು. 1990ರ ದಶಕಕ್ಕೂ ಹಿಂದಿನ ಬಾಟಲಿಯಾದರೆ ಹೊದಿಕೆ ಸೀಸದ್ದಿರಬಹುದು, ಇನ್ನೂ ಚೆನ್ನಾಗಿ ಒರೆಸಿ. ಹಳೆ ಕಾರ್ಕಿಗೆ ಸಾಮಾನ್ಯ ಸ್ಕ್ರೂ ತಿರುಗಿಸಿ ಎಳೆದರೆ ನಡುವಿನ ಭಾಗ ಮಾತ್ರ ಪುಡಿಯಾಗಿ ಬರುತ್ತದೆ. ಇದಕ್ಕೆ ಎರಡು ತೆಳು ಅಲಗಿನ ಉಪಕರಣವಿದೆ, ಫ್ರೆಂಚರು ‘ಬಿಲಾಮ್’ ಅನ್ನುತ್ತಾರೆ. ಉದ್ದನೆಯ ಅಲಗನ್ನು ಮೊದಲು ಕಾರ್ಕಿಗೂ ಗಾಜಿಗೂ ನಡುವೆ ತೂರಿಸಿ, ಗಿಡ್ಡ ಅಲಗನ್ನು ಎದುರು ಬದಿಗೆ ಕೊಟ್ಟು, ಅತ್ತಿತ್ತ ತೂಗುತ್ತ ಕೆಳಗಿಳಿಸಬೇಕು. ನೇರ ಒತ್ತಿದರೆ ಕಾರ್ಕ್ ಬಾಟಲಿಯೊಳಗೆ ಬೀಳುತ್ತದೆ. ಅಲಗು ಪೂರ್ತಿ ಇಳಿದ ಮೇಲೆ ತಿರುಗಿಸುತ್ತ ಮೇಲೆತ್ತಿ. ಆದರೂ ಮುರಿಯಿತೇ? ಸಣ್ಣ ಕಣ್ಣಿನ ಸ್ಟೀಲ್ ಜರಡಿಯಲ್ಲಿ ಸೋಸಿದರೆ ಆಯಿತು, ರುಚಿಗೇನೂ ಕುಂದಿಲ್ಲ.

ಬಗ್ಗಿಸುವಾಗ ಬಾಟಲಿಯ ಕತ್ತಿನ ಹಿಂದೆ ಮೇಣದಬತ್ತಿಯನ್ನೋ ಮೊಬೈಲ್ ಟಾರ್ಚನ್ನೋ ಇಡಿ. ನಡುವೆ ನಿಲ್ಲಿಸದೆ ಒಂದೇ ಧಾರೆಯಾಗಿ ಡಿಕ್ಯಾಂಟರಿಗೆ (ವೈನ್ ಬಗ್ಗಿಸಿಡುವ ಗಾಜಿನ ಹೂಜಿ) ಬಿಡಿ. ನಿಲ್ಲಿಸಿ ಮತ್ತೆ ಬಗ್ಗಿಸಿದರೆ ಗಷ್ಟು ಕದಡುತ್ತದೆ. ಹೊಗೆಯಂಥ ಎಳೆ ಭುಜ ದಾಟಿ ಕತ್ತಿಗೆ ಬಂದದ್ದು ಕಂಡ ಕೂಡಲೇ ನಿಲ್ಲಿಸಿ. ತಳದಲ್ಲಿ 40–50 ಎಂ.ಎಲ್. ಉಳಿದರೆ ಉಳಿಯಲಿ, ಅದು ಕಹಿ. ಕಾರ್ಕ್ ತೆಗೆದು ‘ಉಸಿರಾಡಲಿ’ ಎಂದು ಬಾಟಲಿಯನ್ನು ಗಂಟೆಗಟ್ಟಲೆ ಬಿಡುವ ಚಾಳಿ ಫ್ರೆಂಚರಲ್ಲೂ ಇದೆ. ನಾಣ್ಯದಗಲದ ಬಾಯಿಯಿಂದ ಎಷ್ಟು ಗಾಳಿ ಒಳಹೋದೀತು? ಬೋರ್ಡೋದ ಹೆಸರಾಂತ ವೈನ್ ವಿಜ್ಞಾನಿ ಎಮಿಲ್ ಪೆಯ್ನೋ ಗಷ್ಟಿದ್ದರೆ ಮಾತ್ರ ಡಿಕ್ಯಾಂಟ್ ಮಾಡಿ, ಅದೂ ಬಡಿಸುವ ಹೊತ್ತಿಗೆ ಎನ್ನುತ್ತಿದ್ದರು. ಹಳೆಯ ವೈನಿಗೆ ಅದೇ ಸರಿ. ಎಳೆ ಬೋರ್ಡೋಗೆ ಎರಡು ಗಂಟೆ ಗಾಳಿ ಕೊಟ್ಟರೆ ಅರಳುತ್ತದೆ. ಮೂವತ್ತು ವರ್ಷದ್ದಕ್ಕೆ ಅಷ್ಟು ಕೊಟ್ಟರೆ ಊಟ ಮುಗಿಯುವ ಮೊದಲೇ ಪರಿಮಳ ಹಾರಿಹೋಗಿರಬಹುದು.

ರುಚಿ ನೋಡುವ ಕ್ರಮ ನಮಗೆ ಹೊಸದೇನಲ್ಲ. ಬೆಂಗಳೂರಿನ ಕಾಫಿ ಮಂಡಳಿಯ ‘ಕಾಫಿ ಶಾಸ್ತ್ರ’ ತರಬೇತಿಗೆ ಹೋದವರು, ಚಿಕ್ಕಮಗಳೂರಿನಲ್ಲಿ ಕಪ್ಪಿಂಗ್ ಮಾಡುವ ಎಸ್ಟೇಟಿನವರು ಇದನ್ನೇ ಮಾಡುತ್ತಾರೆ: ಒಣ ಪುಡಿಯನ್ನು ಮೂಸುತ್ತಾರೆ, ನೀರು ಹಾಕಿ ಮೂಸುತ್ತಾರೆ, ಚಮಚದಿಂದ ಸದ್ದು ಮಾಡಿ ಹೀರುತ್ತಾರೆ, ಉಗುಳುತ್ತಾರೆ, ಬರೆದಿಡುತ್ತಾರೆ. ಕಾಫಿಗೆ ಕೊಡುವ ಗಮನವನ್ನು ವೈನಿಗೆ ಕೊಡಲು ನಾಚಿಕೆ ಯಾಕೋ ತಿಳಿಯದು. ಗ್ಲಾಸು ಬಾಯಿ ಕಡೆ ಕಿರಿದಾಗಿರಲಿ, ಮೂರನೇ ಒಂದು ಭಾಗ ಮಾತ್ರ ತುಂಬಲಿ. ಬಿಳಿ ಕಾಗದದ ಮೇಲೆ ಓರೆ ಮಾಡಿ ಅಂಚು ನೋಡಿ. ಎಳೆಯದಾದರೆ ನೇರಳೆಗೆಂಪು, ಮಾಗಿದ್ದಾದರೆ ನಡುವೆ ದಾಳಿಂಬೆ, ಅಂಚಿನಲ್ಲಿ ಮಂಗಳೂರು ಹೆಂಚು. ಇಡೀ ಗ್ಲಾಸು ಕಂದಾಗಿದ್ದರೆ ಗಾಳಿ ತಾಗಿ ಹೋಗಿದೆ.

ಮೊದಲ ಸಲ ಗ್ಲಾಸು ಅಲುಗಿಸದೆ ಮೂಸಬೇಕು. ಹಳೆ ವೈನಿನ ನವಿರಾದ ವಾಸನೆಗಳು ಆಗಲೇ ಸಿಗುವುದು. ಆಮೇಲೆ ನಿಧಾನ ಒಂದು ಸುತ್ತು. ಫ್ರೆಂಚರು ಕಾಸಿಸ್ ಎಂಬ ಕಪ್ಪು ಹಣ್ಣನ್ನು ಹೆಸರಿಸುತ್ತಾರೆ. ಆ ಹಣ್ಣನ್ನೇ ಕಾಣದವರು ಗಿಣಿಪಾಠ ಒಪ್ಪಿಸಬೇಕಿಲ್ಲ. ಮಾಗಿದ ಮೆಡಾಕ್‌ನಲ್ಲಿ ಹೊಗೆಸೊಪ್ಪು, ದೇವದಾರು, ತೊಗಲು, ಅಣಬೆ, ಮಳೆ ನಿಂತ ಮೇಲೆ ಕಾಡಿನಲ್ಲಿ ಕೊಳೆಯುವ ತರಗೆಲೆ ಇವೆಲ್ಲ ಬರುತ್ತವೆ. ಆಗುಂಬೆ ಕಡೆಯವರಿಗೆ ಕಡೆಯದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದೋಷಗಳು ಬೇರೆ. ನೆಂದ ರಟ್ಟಿನ ವಾಸನೆ ಬಂದರೆ ಕಾರ್ಕಿನಿಂದ ಬಂದ ಟಿ.ಸಿ.ಎ. ಎಂಬ ರಾಸಾಯನಿಕ, ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಹಣ್ಣನ್ನೆಲ್ಲ ಮುಚ್ಚಿಬಿಡುತ್ತದೆ, ಗಾಳಿ ಕೊಟ್ಟರೂ ಹೋಗದು. ನೇಲ್ ಪಾಲಿಷ್ ತೆಗೆಯುವ ದ್ರವದ ಘಾಟು ಬಂದರೆ ಬ್ಯಾಕ್ಟೀರಿಯಾ ಕೆಲಸ. ಕುದುರೆ ಲಾಯದ ವಾಸನೆ ಬ್ರೆಟ್ಟಾನೊಮೈಸಿಸ್ ಎಂಬ ಯೀಸ್ಟಿನದು. ಹಳೆ ಬೋರ್ಡೋದಲ್ಲಿ ತುಸು ಇದ್ದರೆ ಮೆಚ್ಚುವವರೂ ಇದ್ದಾರೆ, ನನಗೆ ಸೇರದು. ತೆರೆದ ಕೂಡಲೇ ಬರುವ ಬೆಂಕಿಕಡ್ಡಿ ವಾಸನೆ ಸಾಮಾನ್ಯವಾಗಿ ಹತ್ತು ನಿಮಿಷಕ್ಕೆ ಹೋಗುತ್ತದೆ, ಅವಸರಪಟ್ಟು ಸಿಂಕಿಗೆ ಸುರಿಯಬೇಡಿ.

ಸಣ್ಣ ಗುಟುಕನ್ನು ಬಾಯಲ್ಲಿ ಆಡಿಸಿ, ತುಟಿಯ ನಡುವಿಂದ ಚೂರು ಗಾಳಿ ಎಳೆದುಕೊಳ್ಳಿ. ಎಳೆ ವೈನಿನ ಒಗರು ಒಸಡನ್ನು ಹಿಡಿಯುತ್ತದೆ, ಮಾಗಿದ್ದು ಜಾರುತ್ತದೆ. ನುಂಗಿದ ಮೇಲೆ ರುಚಿ ಎಷ್ಟು ಸೆಕೆಂಡು ಉಳಿಯಿತು ಎಣಿಸಿ. ಫ್ರೆಂಚರು ಒಂದು ಸೆಕೆಂಡಿಗೆ ಒಂದು ‘ಕೋಡಲಿ’ ಅನ್ನುತ್ತಾರೆ. ಹತ್ತು ದಾಟಿದರೆ ಒಳ್ಳೆಯ ಬಾಟಲಿ.

ನಮ್ಮ ಊಟದ ಜೊತೆ ಇದು ಹೊಂದದು ಎಂದರೆ ಮನೆಯವರಿಗೆ ಬೇಸರ. ಆದರೆ ಖಾರ ಆಲ್ಕೋಹಾಲಿನ ಉರಿಯನ್ನು ಏರಿಸುತ್ತದೆ, ಹುಣಸೆಹುಳಿ ವೈನನ್ನು ಸಪ್ಪೆ ಮಾಡುತ್ತದೆ. ಕಾಚಂಪುಳಿ ಹಾಕಿದ ಪಂದಿ ಕರಿಯ ಮುಂದೆ 2005ರ ಸೇಂಟ್ ಎಸ್ತೆಫ್ ನಿಲ್ಲಲಾರದು. ಪೋಯಾಕ್‌ನವರು ಕುರಿಮರಿ ಮಾಂಸವನ್ನು ಉಪ್ಪು, ಬೆಳ್ಳುಳ್ಳಿಯಷ್ಟೇ ಹಾಕಿ ಸುಟ್ಟು ತಿನ್ನುವುದಕ್ಕೆ ಕಾರಣವಿದೆ. ಸಸ್ಯಾಹಾರಿಗಳಿಗೆ ಬೆಣ್ಣೆಯಲ್ಲಿ ಬಾಡಿಸಿದ ಅಣಬೆ, ಇಲ್ಲವೇ ಕೊಂತೆಯಂಥ ಗಟ್ಟಿ ಚೀಸ್ ಸಾಕು. ಮಸಾಲೆ ಗೋಡಂಬಿ ದೂರವಿರಲಿ. ಖಾರದ ಊಟವೇ ಆಗಬೇಕೆಂದರೆ ದೊಡ್ಡಬಳ್ಳಾಪುರದ ಗ್ರೋವರ್‌ನ ಎಳೆ ಕೆಂಪು ವೈನನ್ನು ತುಸು ತಂಪಾಗಿಸಿ ಕುಡಿಯಿರಿ. ಅಲ್ಲಿಗೂ ಬೋರ್ಡೋದ ಪೊಮೆರೋಲ್‌ನ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿದ್ದವರೇ.

ಸೂಟ್‌ಕೇಸಿನಲ್ಲಿ ಹಳೆ ಬಾಟಲಿ ಒಯ್ಯಲೇಬೇಕಿದ್ದರೆ ರಜೆಯ ಮೊದಲ ವಾರ ಒಯ್ದು ಕೊನೆಯ ವಾರ ತೆರೆಯಿರಿ. ವಿಮಾನದಲ್ಲಿ ಕದಡಿದ ಗಷ್ಟು ಪೂರ್ತಿ ಕೂರಲು ಎರಡು ಮೂರು ವಾರ ಬೇಕು, ಅಷ್ಟು ದಿನವೂ ಅದು ತಂಪಿನಲ್ಲಿರಬೇಕು. ಷೋಕೇಸಿಗೆ ಹೋಗುವ ಉಡುಗೊರೆಯಾದರೆ ಐದಾರು ವರ್ಷದ, ಮೆರ್ಲೋ ದ್ರಾಕ್ಷಿ ಹೆಚ್ಚಿರುವ ಸೇಂಟ್ ಎಮಿಲಿಯನ್ ವೈನ್ ಕೊಳ್ಳಿ, ದುಡ್ಡೂ ಉಳಿಯುತ್ತದೆ. ಅಂದ ಹಾಗೆ, ತೆರೆದ ಹಳೆ ಬಾಟಲಿಯನ್ನು ನಾಳೆಗೆ ಎತ್ತಿಡಬೇಡಿ. ಆರು ಜನರನ್ನು ಕರೆಯಿರಿ, ತಲೆಗೊಂದು ಗ್ಲಾಸು ಬರುತ್ತದೆ.